ಜಾಲಿ ಯಾಕೆ ಈಗ ಅಕೇಶಿಯಾ ಅಲ್ಲ? ಒಂದು ಸಸ್ಯ ಕುಲವನ್ನು ಒಡೆದು ಮತ್ತೆ ಜೋಡಿಸುವ ಕೆಲಸ, ಹಂತ ಹಂತವಾಗಿ

ನಾನು ಓದಿದ ಕಾಲೇಜಿನ ಹಿಂದೆ ಬೀಳು ಜಾಗದಲ್ಲಿ ಒಂದು ಕರಿಜಾಲಿ ಮರ ಇತ್ತು. ಅದಕ್ಕೊಂದು ತಗಡು ಹೊಡೆದು 'ಅಕೇಶಿಯಾ ನೈಲೋಟಿಕಾ' ಅಂತ ಬರೆದಿದ್ದರು. ಪರೀಕ್ಷೆಯಲ್ಲಿ ಅದನ್ನೇ ಬರೆದು ಪಾಸಾದೆ. ಈಗ ಆ ಮರದ ಹೆಸರು ವ್ಯಾಚೆಲಿಯಾ ನೈಲೋಟಿಕಾ. ಮರ ಏನೂ ಬದಲಾಗಿಲ್ಲ, ಆಡುಗಳು ಈಗಲೂ ಅದರ ಕಾಯಿಗೆ ಬರುತ್ತವೆ, ಮುಳ್ಳು ಈಗಲೂ ಸೈಕಲ್ ಟ್ಯೂಬಿಗೆ ಚುಚ್ಚುತ್ತದೆ. ಹೆಸರು ಮಾತ್ರ ಹೋಯಿತು.

'ಇವರಿಗೆ ಬೇರೆ ಕೆಲಸ ಇಲ್ವಾ, ಕೂತಲ್ಲೇ ಹೆಸರು ಬದಲಿಸ್ತಾರೆ' ಅಂತ ಬೈಯುವವರು ತುಂಬಾ ಜನ ಇದ್ದಾರೆ. ನಾನೂ ಬೈದಿದ್ದೇನೆ. ಆಮೇಲೆ ಈ ಕೆಲಸವನ್ನು ಹತ್ತಿರದಿಂದ ನೋಡಿದ ಮೇಲೆ ಬೈಯುವುದನ್ನು ಅರ್ಧ ನಿಲ್ಲಿಸಿದೆ. ಅರ್ಧ ಯಾಕೆ ಉಳಿಸಿಕೊಂಡೆ ಅನ್ನುವುದು ಏಳನೇ ಹಂತದಲ್ಲಿ ಗೊತ್ತಾಗುತ್ತದೆ.

ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಮಾಡುತ್ತಿದ್ದು ವರ್ಗೀಕರಣದ ಕಡೆ ಹೋಗಬೇಕು ಅಂತ ಇರುವವರಿಗೆ, ಮತ್ತು ಗಿಡಮರ ನೋಡುವ ಹುಚ್ಚಿದ್ದು 'ಕುಲ ಒಡೆಯಿತು' ಅನ್ನುವ ಸುದ್ದಿ ಬಂದಾಗ ನಂಬಬೇಕೋ ಬಿಡಬೇಕೋ ಗೊತ್ತಾಗದವರಿಗೆ ಈ ಲೇಖನ. ಉದಾಹರಣೆಗೆ ಅಕೇಶಿಯಾವನ್ನೇ ಇಟ್ಟುಕೊಳ್ಳುತ್ತೇನೆ. ಉಷ್ಣ ದೇಶಗಳ ಕುಲಗಳಲ್ಲಿ ಇದರಷ್ಟು ದೊಡ್ಡ ಜಗಳ ಬೇರೆ ಯಾವುದಕ್ಕೂ ಆಗಿಲ್ಲ. ಅದೂ ಅಲ್ಲದೆ ನಮ್ಮ ಜಾಲಿ, ಕಾಚು, ಸೀಗೆ ಎಲ್ಲವೂ ಇದರೊಳಗೆ ಸಿಕ್ಕಿಕೊಂಡಿವೆ.

ಮೊದಲೇ ಎರಡು ಪದ. ಕುಲ ಅಂದರೆ ಹೆಸರಿನ ಮೊದಲ ಭಾಗ, ಪ್ರಭೇದ ಅಂದರೆ ಒಂದೊಂದು ಬಗೆಯ ಗಿಡ. ಕರಿಜಾಲಿ ಒಂದು ಪ್ರಭೇದ, ಅದು ಸೇರಿದ ಗುಂಪು ಕುಲ. ಇಷ್ಟು ಸಾಕು.

ಹಂತ 1: ಅನುಮಾನ ಎಲ್ಲಿದೆ ಅಂತ ಸರಿಯಾಗಿ ಹೇಳಿ

ಸುಮ್ನೆ 'ಈ ಕುಲ ತುಂಬಾ ದೊಡ್ಡದಾಯಿತು, ಒಡೆಯೋಣ' ಅಂತ ಯಾರೂ ಶುರು ಮಾಡಬಾರದು. ದೊಡ್ಡದಾಗಿರುವುದು ತಪ್ಪಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಈ ಕುಲದಲ್ಲಿರುವವರೆಲ್ಲ ಒಂದೇ ಅಜ್ಜಿಯ ಮೊಮ್ಮಕ್ಕಳಾ? ಮತ್ತು ಆ ಅಜ್ಜಿಯ ಮೊಮ್ಮಕ್ಕಳೆಲ್ಲ ಇದೇ ಕುಲದಲ್ಲಿ ಇದ್ದಾರಾ, ಅಥವಾ ಕೆಲವರನ್ನು ಬೇರೆ ಹೆಸರಲ್ಲಿ ಹೊರಗಿಟ್ಟಿದ್ದೇವಾ? ಎರಡಕ್ಕೂ ಹೌದು ಅಂತ ಬಂದರೆ ಕುಲಕ್ಕೆ ಕೈ ಹಾಕಬೇಡಿ.

ಅಕೇಶಿಯಾದಲ್ಲಿ ಅನುಮಾನಕ್ಕೆ ಕಾರಣ ಹಳೆಯದು. ಕುಲವನ್ನು 1754ರಲ್ಲಿ ಫಿಲಿಪ್ ಮಿಲ್ಲರ್ ಪ್ರಕಟಿಸಿದರು. ಹತ್ತೊಂಬತ್ತನೇ ಶತಮಾನದಲ್ಲಿ ಜಾರ್ಜ್ ಬೆಂಥಮ್ ಅದಕ್ಕೆ ಒಂದು ಗಡಿ ಹಾಕಿದರು. ಹೂವಿನಲ್ಲಿ ಕೇಸರಗಳು ತುಂಬಾ ಇರಬೇಕು, ಮತ್ತು ಅವು ಒಂದಕ್ಕೊಂದು ಅಂಟಿಕೊಂಡಿರಬಾರದು. ಕೇಸರ ತುಂಬಾ ಇದ್ದು ಬುಡದಲ್ಲಿ ಕೊಳವೆಯಾಗಿ ಕೂಡಿಕೊಂಡಿದ್ದರೆ ಅದು ಬಾಗೆಮರದ ಕಡೆಯ ಗುಂಪಿಗೆ ಹೋಗುತ್ತದೆ. ಗುರುತಿಸಲು ಇದು ಸುಲಭ, ಒಪ್ಪುತ್ತೇನೆ. ಆದರೆ ಈ ಒಂದೇ ಗುಣದ ಮೇಲೆ ಆಫ್ರಿಕಾದ ಮುಳ್ಳುಮರ, ನಮ್ಮ ಸೀಗೆ ಬಳ್ಳಿ, ಆಸ್ಟ್ರೇಲಿಯಾದ ಮುಳ್ಳಿಲ್ಲದ ಗಿಡಗಳು ಎಲ್ಲವೂ ಒಂದೇ ಚೀಲಕ್ಕೆ ಬಿದ್ದವು. ಕೊನೆಗೆ ಚೀಲದಲ್ಲಿ 1,300ಕ್ಕೂ ಹೆಚ್ಚು ಪ್ರಭೇದಗಳಾದವು. 1986ರಲ್ಲಿ ಆಸ್ಟ್ರೇಲಿಯಾದ ಲೆಸ್ ಪೆಡ್ಲಿ ಇದನ್ನು ಮೂರು ಕುಲ ಮಾಡಬೇಕು ಅಂತ ಬರೆದರು. ಆಗ ಇನ್ನೂ ಡಿಎನ್‌ಎ ಪುರಾವೆ ಇರಲಿಲ್ಲ, ಹೆಚ್ಚಿನವರು ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ಹಂತ 2: ಹಳೆಯ ಹೆಸರುಗಳ ಪಟ್ಟಿ ಮಾಡಿ

ಇದು ಬೇಜಾರಿನ ಕೆಲಸ. ಹಾರಿಸಿದರೆ ಆಮೇಲೆ ಅಳಬೇಕಾಗುತ್ತದೆ. ಒಂದು ಎಕ್ಸೆಲ್ ಹಾಳೆ ತೆರೆಯಿರಿ. ಕುಲದಲ್ಲಿ ಇಲ್ಲಿವರೆಗೆ ಪ್ರಕಟವಾದ ಪ್ರತಿಯೊಂದು ಹೆಸರು, ಅದನ್ನು ಮೊದಲು ಯಾರು ಯಾವ ವರ್ಷ ಯಾವ ಪುಟದಲ್ಲಿ ಹಾಕಿದರು, ಅದರ ಟೈಪ್ ಮಾದರಿ (ಆ ಹೆಸರು ಯಾವ ಗಿಡದ್ದು ಅಂತ ತೀರ್ಮಾನಿಸುವ ಮೂಲ ಮಾದರಿ) ಎಲ್ಲಿದೆ, ಈಗ ಅದನ್ನು ಯಾವ ಹೆಸರಿನ ಸಮಾನ ಹೆಸರು ಅಂತ ಇಟ್ಟಿದ್ದಾರೆ, ಇಷ್ಟೂ ಕಾಲಂ ಬೇಕು.

ಹೆಸರು ಹುಡುಕಲು ಐಪಿಎನ್‌ಐ ಅನ್ನುವ ಸಸ್ಯಹೆಸರುಗಳ ಅಂತರರಾಷ್ಟ್ರೀಯ ಸೂಚಿ, ಈಗ ಯಾವ ಹೆಸರು ಒಪ್ಪಿತವಾಗಿದೆ ನೋಡಲು ಲಂಡನ್ನಿನ ಕ್ಯೂ ಸಸ್ಯೋದ್ಯಾನದವರ 'ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್', ಹಳೆಯ ಪುಸ್ತಕಗಳ ಮೂಲ ಪುಟ ನೋಡಲು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ. ಮೂರೂ ಉಚಿತ. ಮೂಲ ಪುಟವನ್ನು ಕಣ್ಣಾರೆ ನೋಡಿ. ಒಬ್ಬರು ಪುಟಸಂಖ್ಯೆ ತಪ್ಪು ಹಾಕಿದರೆ ನೂರು ವರ್ಷ ಎಲ್ಲರೂ ಅದೇ ತಪ್ಪನ್ನು ನಕಲು ಮಾಡಿರುತ್ತಾರೆ.

ಈ ಪಟ್ಟಿಯಲ್ಲಿ ಮರೆತುಹೋದ ಹೆಸರುಗಳೂ ಸಿಗುತ್ತವೆ. ವ್ಯಾಚೆಲಿಯಾ ಅನ್ನುವ ಹೆಸರು ಹೊಸದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಲ್ಲ. ರಾಬರ್ಟ್ ವೈಟ್ ಮತ್ತು ಆರ್ನಾಟ್ 1834ರಲ್ಲೇ ನಮ್ಮ ದಕ್ಷಿಣ ಭಾರತದ ಸಸ್ಯಗಳ ಮೇಲೆ ಬರೆದ ಪುಸ್ತಕದಲ್ಲಿ, ಕಸ್ತೂರಿ ಜಾಲಿಗೆ ಅಂತ ಈ ಕುಲ ಮಾಡಿದ್ದರು. ಚೀನಾದಲ್ಲಿ ಗಿಡ ಸಂಗ್ರಹಿಸಿದ ವ್ಯಾಚೆಲ್ ಅನ್ನುವ ಪಾದ್ರಿಯ ನೆನಪಿಗೆ ಇಟ್ಟ ಹೆಸರು. ಅದು ಬಹಳ ಕಾಲ ಮೂಲೆಯಲ್ಲಿ ಬಿದ್ದಿತ್ತು. ಕಾಚು, ಸೀಗೆಗೆ ಈಗ ಬಂದಿರುವ ಸೆನೆಗಾಲಿಯಾ ಅನ್ನುವ ಹೆಸರು ಕೂಡ 1838ರದ್ದು.

ಹಂತ 3: ಗಿಡ ತನ್ನಿ, ಆದರೆ ಸಾಕ್ಷಿ ಸಮೇತ

ಮೊದಲು ಹರ್ಬೇರಿಯಂಗಳಿಗೆ, ಅಂದರೆ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಇಡುವ ಸಂಗ್ರಹಗಳಿಗೆ ಹೋಗಿ. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ, ಕೊಯಮತ್ತೂರಿನಲ್ಲಿ ಬೊಟಾನಿಕಲ್ ಸರ್ವೆಯ ದಕ್ಷಿಣ ಕೇಂದ್ರದಲ್ಲಿದೆ, ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದೆ, ಕೋಲ್ಕತ್ತದ ಪಕ್ಕದ ಹೌರಾದಲ್ಲಿ ಕೇಂದ್ರ ಹರ್ಬೇರಿಯಂ ಇದೆ. ಒಣಗಿದ ಹಾಳೆ ನೋಡಿ ಯಾವ ಗಿಡ ಯಾವ ತಿಂಗಳು ಯಾವ ಊರಲ್ಲಿ ಹೂ ಬಿಟ್ಟಿತ್ತು ಬರೆದುಕೊಳ್ಳಿ. ಇಲ್ಲದಿದ್ದರೆ ಹೂವಿಲ್ಲದ ಕಾಲದಲ್ಲಿ ಕಾಡು ಸುತ್ತಿ ಬರಿಗೈಲಿ ಬರುತ್ತೀರಿ.

ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮಾದರಿಯನ್ನು ವಿದೇಶದ ಲ್ಯಾಬಿಗೆ ಕಳಿಸುವುದಾದರೆ 2002ರ ಜೀವವೈವಿಧ್ಯ ಕಾಯ್ದೆ ಬರುತ್ತದೆ. ಎರಡರ ಅರ್ಜಿಯನ್ನೂ ಮೊದಲ ದಿನವೇ ಹಾಕಿಬಿಡಿ.

ಗಿಡದಿಂದ ಎರಡು ವಸ್ತು ತೆಗೆಯಬೇಕು. ಒಂದು, ಹೂ, ಕಾಯಿ, ಮುಳ್ಳು ಇರುವ ಕೊಂಬೆ, ಇದು ಒತ್ತಿ ಒಣಗಿಸಿ ಹರ್ಬೇರಿಯಂಗೆ ಕೊಡುವ ಹಾಳೆ. ಎರಡು, ಎಳೆಯ ಎಲೆಯ ಚೂರು, ಸಿಲಿಕಾ ಜೆಲ್ ತುಂಬಿದ ಪೊಟ್ಟಣಕ್ಕೆ. ಎಲೆ ಬೇಗ ಒಣಗಿದಷ್ಟೂ ಡಿಎನ್‌ಎ ಚೆನ್ನಾಗಿ ಉಳಿಯುತ್ತದೆ. ಜೆಲ್ ಬಣ್ಣ ಬದಲಾಯಿಸಿದರೆ ನೀರು ಹೀರಿ ಮುಗಿಯಿತು ಅಂತ ಅರ್ಥ, ಹೊಸದು ಹಾಕಿ.

ಎರಡರ ಮೇಲೂ ಒಂದೇ ನಂಬರ್ ಇರಲಿ. ದೊಡ್ಡದಾಗಿ ಇರಲಿ. ಪೆನ್ಸಿಲ್‌ನಲ್ಲಿ ಇರಲಿ. ನಾನು ಒಂದು ಸಲ 'ಎರಡೇ ಪೊಟ್ಟಣ ಅಲ್ವಾ, ನೆನಪಿರುತ್ತೆ' ಅಂತ ನಂಬರ್ ಹಾಕದೆ ಚೀಲಕ್ಕೆ ಹಾಕಿಕೊಂಡೆ. ರಾತ್ರಿ ಬಸ್ ಇಳಿದು ನೋಡಿದರೆ ಎರಡರಲ್ಲೂ ಒಣಗಿದ ಹಸಿರು ಪುಡಿ, ಒಂದು ಸೀಗೆ, ಇನ್ನೊಂದು ಕಾಚು, ಯಾವುದು ಯಾವುದೋ ದೇವರಿಗೇ ಗೊತ್ತು. ಮೂರು ದಿನದ ತಿರುಗಾಟ ಕಸದ ಬುಟ್ಟಿಗೆ ಹೋಯಿತು. ಹಾಳೆ ಇಲ್ಲದ ಡಿಎನ್‌ಎಗೆ ಬೆಲೆ ಇಲ್ಲ. ನಾಳೆ ಯಾರಾದರೂ 'ಅದು ನಿಜವಾಗಿ ಸೀಗೆನೇನಾ' ಅಂತ ಕೇಳಿದರೆ ತೋರಿಸಲು ಆ ಹಾಳೆಯೊಂದೇ ಇರುವುದು.

ಹಂತ 4: ಮುಳ್ಳು ನೋಡಿ, ಹೂ ನೋಡಿ, ಮತ್ತೆ ಮುಳ್ಳು ನೋಡಿ

ನನಗೆ ಅತಿ ಇಷ್ಟದ ಹಂತ ಇದು, ಆದ್ದರಿಂದ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಡಿಎನ್‌ಎ ಬಂದ ಮೇಲೆ ಕಣ್ಣಿನ ಕೆಲಸ ಮುಗಿಯಿತು ಅಂದುಕೊಂಡವರು ಒಂದು ಹತ್ತು ಪಟ್ಟಿನ ಲೆನ್ಸ್ ಹಿಡಿದು ಬೇಲಿಯ ಹತ್ತಿರ ಹೋಗಬೇಕು.

ಕರಿಜಾಲಿಯ ಕೊಂಬೆ ತೆಗೆದುಕೊಳ್ಳಿ. ಬಿಳಿಯ ನೆಟ್ಟನೆಯ ಮುಳ್ಳು ಯಾವಾಗಲೂ ಜೋಡಿಯಾಗಿ, ಎಲೆ ಹುಟ್ಟುವ ಗಿಣ್ಣಿನ ಎರಡು ಪಕ್ಕದಲ್ಲೇ ಇರುತ್ತದೆ. ಬಹಳಷ್ಟು ಗಿಡಗಳಲ್ಲಿ ಎಲೆಯ ಬುಡದಲ್ಲಿ ಪುಟ್ಟ ಎಲೆಯಂಥ ಎರಡು ಭಾಗ ಇರುತ್ತವಲ್ಲ, ಸ್ಟಿಪ್ಯೂಲ್ ಅನ್ನುತ್ತಾರೆ, ಅದೇ ಇಲ್ಲಿ ಗಟ್ಟಿಯಾಗಿ ಮುಳ್ಳಾಗಿದೆ. ಅದಕ್ಕೇ ಜಾಗ ತಪ್ಪುವುದಿಲ್ಲ. ಬಿಳಿಜಾಲಿಯಲ್ಲೂ ಹೀಗೇ, ಕಸ್ತೂರಿ ಜಾಲಿಯಲ್ಲೂ ಹೀಗೇ.

ಈಗ ಸೀಗೆ ಬಳ್ಳಿ ನೋಡಿ, ಕೈ ಜೋಪಾನ. ಮುಳ್ಳು ಸಣ್ಣದು, ಹಿಂದಕ್ಕೆ ಬಾಗಿದ ಕೊಕ್ಕೆ, ಗಿಣ್ಣು ಗಿಣ್ಣಿನ ನಡುವೆ ಎಲ್ಲೆಂದರಲ್ಲಿ ಚೆದುರಿದೆ. ಇದು ಸ್ಟಿಪ್ಯೂಲ್ ಅಲ್ಲ. ಗುಲಾಬಿ ಮುಳ್ಳಿನ ಹಾಗೆ ಕಾಂಡದ ಮೈಮೇಲೆ ಎದ್ದದ್ದು. ಕಾಚಿನ ಮರದಲ್ಲಿ, ಅಂದರೆ ಕಗ್ಗಲಿಯಲ್ಲಿ, ಇದೇ ಬಗೆಯ ಕೊಕ್ಕೆ ಮುಳ್ಳು ಜೋಡಿಯಾಗಿ ಬರುತ್ತದೆ, ಆದರೆ ಗಿಣ್ಣಿನ ಸ್ವಲ್ಪ ಕೆಳಗೆ. ದೂರದಿಂದ 'ಜೋಡಿ ಮುಳ್ಳು, ಹಾಗಾದರೆ ಜಾಲಿ' ಅಂತ ಬರೆದುಕೊಂಡರೆ ಅಲ್ಲೇ ಎಡವಿದಿರಿ.

ಹೂವಿಗೆ ಬನ್ನಿ. ಕರಿಜಾಲಿಯದು ಹಳದಿ ಚೆಂಡು. ಚೆಂಡಿನ ತೊಟ್ಟಿನ ನಡುವೆ ಸಣ್ಣ ಉಂಗುರದ ಹಾಗೆ ಚಿಕ್ಕ ಎಸಳುಗಳ ಸುತ್ತು ಕಾಣುತ್ತದೆ, ಲೆನ್ಸಿನಲ್ಲಿ ನೋಡಿ. ಕಾಚಿನದು ಉದ್ದನೆಯ ಬಾಲದಂಥ ಗೊಂಚಲು. ಆಹಾ, ಚೆಂಡು ಒಂದು ಕುಲ, ಬಾಲ ಇನ್ನೊಂದು ಕುಲ ಅಂತ ಖುಷಿಪಡುವಷ್ಟರಲ್ಲಿ ಸೀಗೆ ಅಡ್ಡ ಬರುತ್ತದೆ. ಸೀಗೆಯ ಹೂವೂ ಚೆಂಡೇ! ಮುಳ್ಳು ಕಾಚಿನ ಕಡೆ ಎಳೆಯುತ್ತದೆ, ಹೂ ಜಾಲಿಯ ಕಡೆ. ಇಂಥ ಕಡೆ ಒಂದೇ ಗುಣ ನಂಬಿ ಕೂತರೆ ಕೆಲಸ ಕೆಡುತ್ತದೆ.

ಮೂರನೆಯದು ಆಸ್ಟ್ರೇಲಿಯಾದ ಗುಂಪು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ನೆಡುತೋಪುಗಳಲ್ಲಿ ನಿಂತಿರುವ ಅಕೇಶಿಯಾ ಇದೇ, ಆರಿಕ್ಯುಲಿಫಾರ್ಮಿಸ್. ಮುಳ್ಳಿಲ್ಲ. ಕುಡುಗೋಲಿನಂತೆ ಬಾಗಿದ ಆ ಎಲೆ ನಿಜವಾದ ಎಲೆಯಲ್ಲ, ಚಪ್ಪಟೆಯಾದ ಎಲೆತೊಟ್ಟು. ನಂಬಿಕೆ ಬರದಿದ್ದರೆ ಬೀಜ ಹಾಕಿ ನೋಡಿ. ಕುದಿಯುವ ನೀರು ಸುರಿದು, ಅದರಲ್ಲೇ ಒಂದು ರಾತ್ರಿ ನೆನೆಯಲು ಬಿಟ್ಟು, ಬೆಳಿಗ್ಗೆ ಬಿತ್ತಿ. ಸಸಿಯ ಮೊದಮೊದಲ ಎಲೆಗಳು ಜಾಲಿಯ ಹಾಗೆ ಗರಿಗರಿಯಾಗಿರುತ್ತವೆ, ಆಮೇಲೆ ಒಂದೊಂದಾಗಿ ತೊಟ್ಟು ಅಗಲವಾಗುತ್ತಾ ಗರಿ ಮಾಯವಾಗುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಆಟ ಇಲ್ಲ. ಆದರೆ ಇಲ್ಲೂ ಒಂದು ಕೊಕ್ಕೆ ಇದೆ. ನೀಲಗಿರಿ ಕಡೆ ನೆಟ್ಟಿರುವ ವಾಟಲ್ ಮರಗಳು ಇದೇ ಆಸ್ಟ್ರೇಲಿಯಾ ಗುಂಪಿನವು, ಅವು ದೊಡ್ಡವಾದ ಮೇಲೂ ಗರಿ ಎಲೆಯನ್ನೇ ಉಳಿಸಿಕೊಳ್ಳುತ್ತವೆ.

ಹಾಗಾಗಿ ಪ್ರತಿ ಪ್ರಭೇದಕ್ಕೂ ಒಂದೇ ಪ್ರಶ್ನಾವಳಿ ಇಟ್ಟುಕೊಳ್ಳಿ. ಮುಳ್ಳು ಎಲ್ಲಿಂದ ಹುಟ್ಟಿತು, ಎಲೆತೊಟ್ಟಿನ ಮೇಲೆ ಜೇನುಗ್ರಂಥಿ ಎಲ್ಲಿದೆ, ಹೂಗೊಂಚಲು ಯಾವ ಆಕಾರ, ಅಂಡಾಶಯಕ್ಕೆ ತೊಟ್ಟು ಇದೆಯಾ, ಕಾಯಿ ಹೇಗೆ ಒಡೆಯುತ್ತದೆ, ಪರಾಗದ ಮೈಮೇಲೆ ಏನಿದೆ. ಎಲ್ಲ ಖಾನೆ ತುಂಬಿ. ಗೊತ್ತಾಗದಿದ್ದರೆ ಖಾಲಿ ಬಿಡಿ, ಊಹೆ ಬರೆಯಬೇಡಿ.

ಹಂತ 5: ಡಿಎನ್‌ಎ

ಒಣ ಎಲೆಯನ್ನು ಪುಡಿ ಮಾಡಿ, ಸಿಟಿಎಬಿ ಅನ್ನುವ ರಾಸಾಯನಿಕದ ದ್ರಾವಣದಲ್ಲಿ ಬಿಸಿ ಮಾಡಿ, ಕ್ಲೋರೋಫಾರ್ಮ್ ಹಾಕಿ ತಿರುಗಿಸಿ, ಮೇಲಿನ ನೀರಿನ ಪದರದಿಂದ ಡಿಎನ್‌ಎ ಇಳಿಸುವುದು ಹಳೆಯ, ನಂಬಬಹುದಾದ ವಿಧಾನ. ಜಾಲಿ ಜಾತಿಯವುಗಳಲ್ಲಿ ಅಂಟು ಮತ್ತು ಒಗರು ಎರಡೂ ಜಾಸ್ತಿ, ಅದಕ್ಕೇ ಕಂದು ಬಣ್ಣದ ಲೋಳೆ ಬಂದು ಕೂರುತ್ತದೆ. ಎಳೆ ಎಲೆ ಬಳಸಿ, ಕಡಿಮೆ ಪುಡಿ ಬಳಸಿ, ದ್ರಾವಣಕ್ಕೆ ಒಗರನ್ನು ಹಿಡಿದುಕೊಳ್ಳುವ ಪಿವಿಪಿ ಸೇರಿಸಿ. ಒಂದೇ ಸಲಕ್ಕೆ ಆಗುವುದಿಲ್ಲ, ಬೇಜಾರಾಗಬೇಡಿ.

ಆಮೇಲೆ ಯಾವ ಜೀನ್ ಓದಬೇಕು? ಅಕೇಶಿಯಾದ ಮೊದಲ ಕೆಲಸಗಳು ಕ್ಲೋರೋಪ್ಲಾಸ್ಟಿನ, ಅಂದರೆ ಎಲೆಯ ಹಸಿರು ಕಣದ, ಮ್ಯಾಟ್‌ಕೆ, ಟಿಆರ್‌ಎನ್‌ಎಲ್ ತರಹದ ಕೆಲವೇ ತುಂಡುಗಳ ಮೇಲೆ ನಡೆದವು. ಈಗ ನೂರಾರು ನ್ಯೂಕ್ಲಿಯರ್, ಅಂದರೆ ಕೋಶಕೇಂದ್ರದ, ಜೀನ್‌ಗಳನ್ನು ಒಟ್ಟಿಗೆ ಹಿಡಿಯುತ್ತಾರೆ. 2022ರಲ್ಲಿ ಈ ಇಡೀ ಬಳಗದ ಮೇಲೆ ಬಂದ ಅಧ್ಯಯನದಲ್ಲಿ 997 ನ್ಯೂಕ್ಲಿಯರ್ ಜೀನ್ ಬಳಸಿದ್ದರು. ನಿಮ್ಮ ಹತ್ತಿರ ಅಷ್ಟು ದುಡ್ಡಿಲ್ಲದಿದ್ದರೆ ಕ್ಲೋರೋಪ್ಲಾಸ್ಟಿನ ಎರಡು ತುಂಡು ಮತ್ತು ಐಟಿಎಸ್ ಅನ್ನುವ ಒಂದು ನ್ಯೂಕ್ಲಿಯರ್ ತುಂಡು ಇಟ್ಟುಕೊಂಡು ಶುರು ಮಾಡಿ. ಎರಡೂ ಕಡೆಯಿಂದ ಇರಲೇಬೇಕು, ಯಾಕೆ ಅಂತ ಮುಂದಿನ ಹಂತದಲ್ಲಿ ಹೇಳುತ್ತೇನೆ.

ಜೀನ್ ಆಯ್ಕೆಗಿಂತ ಗಿಡದ ಆಯ್ಕೆ ಮುಖ್ಯ. ಪ್ರತಿ ಗುಂಪಿನಿಂದಲೂ, ಪ್ರತಿ ಖಂಡದಿಂದಲೂ ಕೆಲವು ಬೇಕು. ಅಕ್ಕಪಕ್ಕದ ಕುಲಗಳೂ ಬೇಕು. ಬಾಗೆ, ಮಳೆಮರ, ಇಂಗಾ ಇವನ್ನೆಲ್ಲ ಬಿಟ್ಟು ಬರೀ ಅಕೇಶಿಯಾಗಳನ್ನೇ ಓದಿದ್ದರೆ ಅವೆಲ್ಲ ಒಟ್ಟಿಗಿವೆಯೋ ಇಲ್ಲವೋ ಅನ್ನುವುದು ಯಾವ ಜನ್ಮಕ್ಕೂ ಗೊತ್ತಾಗುತ್ತಿರಲಿಲ್ಲ. ಮತ್ತೆ, ಕುಲದ ಟೈಪ್ ಪ್ರಭೇದ, ಅಂದರೆ ಕುಲದ ಹೆಸರು ಯಾವುದಕ್ಕೆ ಕಟ್ಟಿಕೊಂಡಿದೆಯೋ ಆ ಪ್ರಭೇದ, ಪಟ್ಟಿಯಲ್ಲಿ ಇದ್ದೇ ಇರಬೇಕು. ಅದಿಲ್ಲದೆ ಹೆಸರಿನ ಮಾತೇ ಆಡುವಂತಿಲ್ಲ.

ಹಂತ 6: ವಂಶವೃಕ್ಷ ಓದಿ, ಆಮೇಲೆ ಒಡೆಯಬೇಕೋ ಕೂಡಿಸಬೇಕೋ ನೋಡಿ

ಕಂಪ್ಯೂಟರ್ ಒಂದು ಮರದ ಚಿತ್ರ ಕೊಡುತ್ತದೆ. ಪ್ರತಿ ಕವಲಿನ ಹತ್ತಿರ ಒಂದು ಸಂಖ್ಯೆ ಇರುತ್ತದೆ, ಆ ಕವಲನ್ನು ಎಷ್ಟು ನಂಬಬಹುದು ಅಂತ. ಬೂಟ್‌ಸ್ಟ್ರಾಪ್ ಅನ್ನುವ ಆ ಸಂಖ್ಯೆ ನೂರಕ್ಕೆ 50, 60 ಇರುವ ಕವಲಿನ ಮೇಲೆ ಹೊಸ ಕುಲ ಕಟ್ಟಲು ಹೋಗಬೇಡಿ. ಕ್ಲೋರೋಪ್ಲಾಸ್ಟ್ ಸಾಮಾನ್ಯವಾಗಿ ತಾಯಿಯ ಕಡೆಯ ಕಥೆ ಮಾತ್ರ ಹೇಳುತ್ತದೆ. ಹಿಂದೆಂದೋ ಎರಡು ಪ್ರಭೇದ ಬೆರೆತಿದ್ದರೆ ಕ್ಲೋರೋಪ್ಲಾಸ್ಟ್ ಮರ ಒಂದು ಹೇಳುತ್ತದೆ, ನ್ಯೂಕ್ಲಿಯರ್ ಮರ ಇನ್ನೊಂದು. ಎರಡೂ ಒಂದೇ ಮಾತು ಹೇಳಿದ ಕಡೆ ಮಾತ್ರ ಧೈರ್ಯ ಮಾಡಿ.

ಅಕೇಶಿಯಾದಲ್ಲಿ ಬಂದ ಉತ್ತರ ನೋಡಿ. ಆಸ್ಟ್ರೇಲಿಯಾದ ಗುಂಪು ಬಾಗೆಮರದ ಬಳಗದ ಒಳಗೆ ಹೋಗಿ ಕೂತಿತು. ಅಂದರೆ ಮಲೆನಾಡಿನ ಆ ನೆಡುತೋಪಿನ ಅಕೇಶಿಯಾ ನಮ್ಮ ಕರಿಜಾಲಿಗಿಂತ ಬಾಗೆಗೇ ಹತ್ತಿರದ ನೆಂಟ. ಜಾಲಿಯ ಗುಂಪು ಒಂದು ಕಡೆ, ಕಾಚು ಮತ್ತು ಸೀಗೆಯ ಗುಂಪು ಇನ್ನೊಂದು ಕಡೆ. ಅಮೆರಿಕದ ಎರಡು ಸಣ್ಣ ಗುಂಪುಗಳೂ ಬೇರೆಯಾದವು. ಸೀಗೆಯ ವಿಷಯದಲ್ಲಿ ಹೂ ಸುಳ್ಳು ಹೇಳಿತ್ತು, ಮುಳ್ಳು ನಿಜ ಹೇಳಿತ್ತು.

ಈಗ ಎರಡು ದಾರಿ. ಎಲ್ಲವನ್ನೂ ಒಂದೇ ಕುಲ ಅಂತ ಉಳಿಸಿಕೊಳ್ಳಬೇಕಾದರೆ ನಡುವೆ ಬರುವ ಬಾಗೆ, ಮಳೆಮರ, ಇಂಗಾ ಎಲ್ಲವನ್ನೂ ಅಕೇಶಿಯಾ ಅನ್ನಬೇಕು. ಅದು ಊರೆಲ್ಲ ಒಂದೇ ಮನೆ ಅಂದ ಹಾಗೆ. ಇನ್ನೊಂದು ದಾರಿ ಒಡೆಯುವುದು. ಒಡೆದರು. ಆಸ್ಟ್ರೇಲಿಯಾದ್ದು ಅಕೇಶಿಯಾ, ಜಾಲಿಯದು ವ್ಯಾಚೆಲಿಯಾ, ಕಾಚು ಮತ್ತು ಸೀಗೆಯದು ಸೆನೆಗಾಲಿಯಾ, ಅಮೆರಿಕದ ಎರಡು ಗುಂಪು ಅಕೇಶಿಯೆಲ್ಲಾ, ಮರಿಯೋಸೌಸಾ ಅಂತ ಐದಾಯಿತು. ಆಮೇಲೆ ಸೆನೆಗಾಲಿಯಾದಿಂದ ಇನ್ನೆರಡು ಚಿಕ್ಕ ಕುಲ ಹೊರಬಂದವು.

ಒಡೆಯುವಾಗ ನನ್ನದೊಂದು ಷರತ್ತು. ಹೊಸ ಕುಲವನ್ನು ಕೈಯಲ್ಲಿ ಕೊಂಬೆ ಹಿಡಿದು ಗುರುತಿಸಲು ಆಗಬೇಕು. ಡಿಎನ್‌ಎ ಮರದಲ್ಲಿ ಮಾತ್ರ ಕಾಣುವ, ಕಣ್ಣಿಗೆ ಒಂದೂ ಗುಣ ಸಿಗದ ಕುಲ ಮಾಡಿದರೆ ಕಾಡಿನಲ್ಲಿ ಓಡಾಡುವವನಿಗೆ ಅದರಿಂದ ಏನೂ ಉಪಯೋಗ ಇಲ್ಲ. ನಾಲ್ಕನೇ ಹಂತದ ಹಾಳೆಯನ್ನು ಈ ಮರದ ಪಕ್ಕ ಇಟ್ಟು, ಯಾವ ಗುಣ ಯಾವ ಕವಲಿಗೆ ಹೊಂದುತ್ತದೆ ನೋಡಿ. ಒಂದೇ ಗುಣ ಸಿಗುವುದು ಅಪರೂಪ. ಎರಡು ಮೂರು ಗುಣ ಸೇರಿಸಿದರೆ ಸಾಮಾನ್ಯವಾಗಿ ಸಿಗುತ್ತದೆ.

ಹಂತ 7: ಹೆಸರು ಯಾರ ಪಾಲಿಗೆ?

ಅಣ್ಣತಮ್ಮಂದಿರು ಪಾಲಾದಾಗ ದೇವರ ಪೆಟ್ಟಿಗೆ ಯಾರ ಮನೆಗೆ ಹೋಗುತ್ತದೋ ಅದೇ ದೊಡ್ಡಮನೆ ಅನ್ನುತ್ತಾರಲ್ಲ, ಸಸ್ಯಗಳ ಹೆಸರಿನ ಕಾನೂನು ಹೆಚ್ಚುಕಡಿಮೆ ಅದೇ. ಪ್ರತಿ ಕುಲಕ್ಕೂ ಒಂದು ಟೈಪ್ ಪ್ರಭೇದ ಇರುತ್ತದೆ. ಕುಲ ಒಡೆದರೆ ಆ ಪ್ರಭೇದ ಯಾವ ತುಂಡಿನಲ್ಲಿ ಇದೆಯೋ ಹಳೆಯ ಹೆಸರು ಆ ತುಂಡಿಗೆ. ತುಂಡು ಚಿಕ್ಕದೋ ದೊಡ್ಡದೋ ಲೆಕ್ಕಕ್ಕಿಲ್ಲ. ಉಳಿದವಕ್ಕೆ ಹಳೆಯ ಪುಸ್ತಕಗಳಲ್ಲಿ ಸಿಗುವ ಅತಿ ಹಿಂದಿನ ಸರಿಯಾದ ಹೆಸರು. ಏನೂ ಸಿಗದಿದ್ದರೆ ಮಾತ್ರ ಹೊಸದು.

ಅಕೇಶಿಯಾದ ಟೈಪ್ ಯಾವುದು ಗೊತ್ತಾ? ನಮ್ಮ ಕರಿಜಾಲಿ. ನೈಲೋಟಿಕಾ ಅಂದರೆ ನೈಲ್ ನದಿಯದು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ವೈದ್ಯ ಡಯೋಸ್ಕೊರಿಡಿಸ್ ಈಜಿಪ್ಟಿನ ಮುಳ್ಳುಮರವನ್ನು 'ಅಕಾಕಿಯಾ' ಅಂತ ಕರೆದಿದ್ದ, ಹೆಸರು ಬಂದದ್ದೇ ಅಲ್ಲಿಂದ. ನಿಯಮದ ಪ್ರಕಾರ ಅಕೇಶಿಯಾ ಹೆಸರು ಜಾಲಿಯ ಗುಂಪಿಗೇ ಉಳಿಯಬೇಕಿತ್ತು, ಆಸ್ಟ್ರೇಲಿಯಾದವಕ್ಕೆ ರಾಕೊಸ್ಪರ್ಮಾ ಅನ್ನುವ ಬೇರೆ ಹೆಸರು ಬರಬೇಕಿತ್ತು.

ಆಗಲಿಲ್ಲ. ಜಾಲಿಯ ಗುಂಪಿನಲ್ಲಿ ಸುಮಾರು 160 ಪ್ರಭೇದ, ಆಸ್ಟ್ರೇಲಿಯಾದ್ದರಲ್ಲಿ ಸುಮಾರು 1,000. ಅಷ್ಟನ್ನು ಬದಲಿಸುವುದಕ್ಕಿಂತ ಇಷ್ಟನ್ನು ಬದಲಿಸುವುದು ಕಡಿಮೆ ತೊಂದರೆ ಅಂತ ಆರ್ಚರ್ಡ್ ಮತ್ತು ಮ್ಯಾಸ್ಲಿನ್ 2003ರಲ್ಲಿ ಒಂದು ಪ್ರಸ್ತಾಪ ಕೊಟ್ಟರು. ಕುಲದ ಟೈಪನ್ನೇ ಬದಲಿಸಿ, ಆಸ್ಟ್ರೇಲಿಯಾದ ಪೆನಿನರ್ವಿಸ್ ಅನ್ನುವ ಪ್ರಭೇದವನ್ನು ಟೈಪ್ ಮಾಡಿ ಅಂತ. ಇದಕ್ಕೆ ಕಾನೂನಿನಲ್ಲಿ ಅವಕಾಶ ಇದೆ, ತಜ್ಞರ ಸಮಿತಿ ಒಪ್ಪಬೇಕು. ಸಮಿತಿ ಒಪ್ಪಿತು. 2005ರಲ್ಲಿ ವಿಯೆನ್ನಾದಲ್ಲಿ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಮತಕ್ಕೆ ಹಾಕಿದಾಗ ಶೇ. 54.9 ಮತಗಳು ಈ ಬದಲಾವಣೆಯ ವಿರುದ್ಧ ಬಿದ್ದವು. ಆದರೂ ಬದಲಾವಣೆಯೇ ಗೆದ್ದಿತು, ಯಾಕೆಂದರೆ ಸಮಿತಿಯ ಮಾತು ತಳ್ಳಿಹಾಕಲು ಶೇ. 60 ಬೇಕಿತ್ತು. ಜಾಲಿಯ ನೆಂಟರು ತುಂಬಾ ಇರುವ ಆಫ್ರಿಕಾದವರಿಗೆ ಸಿಟ್ಟು ಬಂದಿದ್ದರಲ್ಲಿ ಆಶ್ಚರ್ಯ ಏನಿದೆ? 2011ರಲ್ಲಿ ಮೆಲ್ಬರ್ನ್‌ನಲ್ಲಿ ಮತ್ತೆ ಜಗಳ ಆಯಿತು, ಮತ್ತೆ ಅದೇ ತೀರ್ಮಾನ ಉಳಿಯಿತು.

ನಾನು ಅರ್ಧ ಬೈಗುಳ ಉಳಿಸಿಕೊಂಡಿರುವುದು ಇದಕ್ಕೇ. ಕುಲ ಒಡೆದದ್ದು ವಿಜ್ಞಾನ, ಅದರಲ್ಲಿ ತಕರಾರಿಲ್ಲ. ದೇವರ ಪೆಟ್ಟಿಗೆ ಎತ್ತಿಕೊಂಡು ಹೋದದ್ದು ವಿಜ್ಞಾನ ಅಲ್ಲ, ತಲೆ ಎಣಿಕೆ. ಅನುಕೂಲದ ಲೆಕ್ಕದಲ್ಲಿ ಅವರು ಹೇಳಿದ್ದರಲ್ಲೂ ಅರ್ಥ ಇದೆ, ಅದನ್ನೂ ಒಪ್ಪಬೇಕು. ಇನ್ನೊಂದು ತಮಾಷೆ ನೋಡಿ. ಮಲೆನಾಡಿನ ರೈತರು ಮೊದಲಿನಿಂದಲೂ ಅಕೇಶಿಯಾ ಅಂದರೆ ಆ ಆಸ್ಟ್ರೇಲಿಯಾದ ಗಿಡ, ಜಾಲಿ ಅಂದರೆ ಜಾಲಿ ಅಂತಲೇ ಹೇಳಿಕೊಂಡು ಬಂದಿದ್ದಾರೆ. ಈಗ ಸಸ್ಯಶಾಸ್ತ್ರದ ಪುಸ್ತಕಗಳೂ ಅದನ್ನೇ ಹೇಳುತ್ತಿವೆ.

ಹಂತ 8: ಪ್ರಕಟಿಸಿ

ಹೊಸ ಕುಲಕ್ಕೆ ಪ್ರಭೇದವನ್ನು ಸಾಗಿಸುವುದೆಂದರೆ ಹೊಸ ಹೆಸರು ಜೋಡಿಸುವುದು. ಮೂಲ ಹೆಸರು, ಅದರ ಲೇಖಕ, ಪುಸ್ತಕ, ಪುಟ, ವರ್ಷ ಇಷ್ಟೂ ಕೊಡಲೇಬೇಕು, 1953ರಿಂದ ಇದು ಕಡ್ಡಾಯ. ಎರಡನೇ ಹಂತದ ಪಟ್ಟಿ ಕೆಲಸಕ್ಕೆ ಬರುವುದು ಈಗ. ಲಿಂಗವೂ ಹೊಂದಬೇಕು. ಅಕೇಶಿಯಾ ಸ್ತ್ರೀಲಿಂಗ, ಅಲ್ಲಿ ಆರಿಕ್ಯುಲಿಫಾರ್ಮಿಸ್. ರಾಕೊಸ್ಪರ್ಮಾ ನಪುಂಸಕ, ಅಲ್ಲಿ ಆರಿಕ್ಯುಲಿಫಾರ್ಮೆ. ಪೂರ್ತಿ ಹೊಸ ಹೆಸರಾದರೆ ವಿವರಣೆ ಇಂಗ್ಲಿಷ್ ಅಥವಾ ಲ್ಯಾಟಿನ್‌ನಲ್ಲಿ ಇರಬೇಕು. 2012ಕ್ಕೆ ಮುಂಚೆ ಲ್ಯಾಟಿನ್ ಒಂದೇ ನಡೆಯುತ್ತಿತ್ತು. ಜೊತೆಗೆ ಒಂದೊಂದೇ ಗುಣ ನೋಡುತ್ತಾ ಗಿಡ ಗುರುತಿಸುವ ಕೀಲಿ ಕೊಡಿ. ಡಿಎನ್‌ಎ ಸರಣಿಯನ್ನು ಜೆನ್‌ಬ್ಯಾಂಕ್ ಅನ್ನುವ ಸಾರ್ವಜನಿಕ ಡಿಎನ್‌ಎ ಭಂಡಾರಕ್ಕೆ ಹಾಕುವಾಗ ಹಾಳೆಯ ನಂಬರನ್ನು ಮರೆಯಬೇಡಿ.

ಹಂತ 9: ತಗಡು ಬದಲಿಸಿ

ಹಳೆಯ ಹೆಸರನ್ನು ಅಳಿಸಿ ಹಾಕಬೇಡಿ. ಹೊಸದನ್ನು ದೊಡ್ಡದಾಗಿ, ಹಳೆಯದನ್ನು ಕೆಳಗೆ ಸಣ್ಣದಾಗಿ ಬರೆಯಿರಿ. ಔಷಧ, ಅರಣ್ಯ, ಕೃಷಿಯ ಹಳೆಯ ದಾಖಲೆಗಳೆಲ್ಲ ಹಳೆಯ ಹೆಸರಲ್ಲೇ ಇವೆ, ಹುಡುಕುವವರಿಗೆ ಎರಡೂ ಬೇಕು. ನಮ್ಮ ಕಡೆಯವು ಹೀಗೆ ಆಗಿವೆ: ಕರಿಜಾಲಿ ವ್ಯಾಚೆಲಿಯಾ ನೈಲೋಟಿಕಾ, ಬಿಳಿಜಾಲಿ ವ್ಯಾಚೆಲಿಯಾ ಲ್ಯೂಕೋಫ್ಲಿಯಾ, ಕಸ್ತೂರಿ ಜಾಲಿ ವ್ಯಾಚೆಲಿಯಾ ಫಾರ್ನೇಸಿಯಾನಾ, ಕಾಚು ಸೆನೆಗಾಲಿಯಾ ಕಟೇಚು, ಸೀಗೆ ಸೆನೆಗಾಲಿಯಾ ರುಗಾಟಾ. ಸೀಗೆಯ ಎರಡನೇ ಹೆಸರೂ ಬದಲಾಗಿದೆ, ಹಿಂದೆ ಕಾನ್ಸಿನ್ನಾ ಅನ್ನುತ್ತಿದ್ದರು. ಆರಿಕ್ಯುಲಿಫಾರ್ಮಿಸ್ ಮಾತ್ರ ಅಕೇಶಿಯಾ ಆಗಿಯೇ ಕೂತಿದೆ.

ಈಗ ನಿಮಗೊಂದು ಕೆಲಸ

ಇಷ್ಟೆಲ್ಲ ಓದಿದ ಮೇಲೆ ಒಂದು ಕೊಂಬೆಯನ್ನಾದರೂ ಮುಟ್ಟಿ ನೋಡಬೇಡವೇ? ಬನ್ನಿ ಮತ್ತು ಬಳ್ಳಾರಿ ಜಾಲಿ ಎರಡೂ ಪ್ರೊಸೋಪಿಸ್ ಅಂತ ಓದಿದ್ದೆವು. 2022ರಲ್ಲಿ ಆ ಕುಲವೂ ಒಡೆಯಿತು. ಮೆಕ್ಸಿಕೊ ಕಡೆಯಿಂದ ಬಂದ ಬಳ್ಳಾರಿ ಜಾಲಿ ಈಗ ನೆಲ್ಟುಮಾ ಜುಲಿಫ್ಲೋರಾ. ಬನ್ನಿ ಪ್ರೊಸೋಪಿಸ್ ಸಿನೆರೇರಿಯಾ ಆಗಿಯೇ ಉಳಿದಿದೆ. ಅದರ ಜೊತೆ ಆ ಕುಲದಲ್ಲಿ ಉಳಿದದ್ದು ಇನ್ನೆರಡು ಪ್ರಭೇದ ಅಷ್ಟೇ. ಮೂರೇ ಜನರ ಮನೆಯಾದರೂ ಹೆಸರು ಹೋಗಲಿಲ್ಲ, ಯಾಕೆಂದರೆ ಕುಲದ ಟೈಪ್ ಬನ್ನಿಯೇ.

ಬಯಲುಸೀಮೆಯ ರಸ್ತೆ ಬದಿಯಲ್ಲಿ ಬಳ್ಳಾರಿ ಜಾಲಿ ಬೇಕಾದಷ್ಟಿದೆ. ಬನ್ನಿಗೆ ಊರಿನ ಬನ್ನಿಕಟ್ಟೆಯ ಹತ್ತಿರ ಹೋಗಿ. ಕೆಲವು ಊರುಗಳಲ್ಲಿ ಸೆನೆಗಾಲಿಯಾ ಫೆರುಜಿನಿಯಾಗೂ ಬನ್ನಿ ಅನ್ನುತ್ತಾರೆ, ಹಾಗಾಗಿ ಹೆಸರು ಕೇಳಿ ನಂಬದೆ ಕೊಂಬೆ ನೋಡಿ. ಪೂಜೆಯ ಮರ, ಕೊಂಬೆ ಮುರಿಯಬೇಡಿ, ಲೆನ್ಸ್ ಹಿಡಿದು ನಿಂತಲ್ಲೇ ನೋಡಿದರೆ ಸಾಕು. ಮುಳ್ಳು ಗಿಣ್ಣಿನಲ್ಲಿ ಎಲೆಯ ಕಂಕುಳಿನಿಂದ ಹೊರಟಿದ್ದರೆ ಬಳ್ಳಾರಿ ಜಾಲಿ. ಗಿಣ್ಣಿಗೂ ಮುಳ್ಳಿಗೂ ಸಂಬಂಧವೇ ಇಲ್ಲದ ಹಾಗೆ, ಸಣ್ಣ ಶಂಕುವಿನಂಥ ಮುಳ್ಳು ಗಿಣ್ಣುಗಳ ನಡುವೆ ಚೆದುರಿದ್ದರೆ ಬನ್ನಿ. ಎರಡರ ಫೋಟೋವನ್ನೂ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ, ಊರು ಮತ್ತು ತಾರೀಕು ಅಲ್ಲೇ ಬರೆದುಕೊಳ್ಳಿ, ಮನೆಗೆ ಬಂದ ಮೇಲೆ ಬರೆದರಾಯಿತು ಅಂದುಕೊಳ್ಳಬೇಡಿ.